ಬುರುಡೆ ಕಳಚಿ ಚೀಲಕ್ಕೆ ಹಾಕು

ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಮನೆಯಿಂದ ಫೋನು. ಹೆಂಡತಿಯ ವೀಣೆ ಮಂಚದಿಂದ ಜಾರಿ ಬಿದ್ದಿತ್ತಂತೆ. ಆ ಗದ್ದಲದಲ್ಲಿ ನಾನು ಕೂಗಿಯೇ ಮಾತಾಡಬೇಕಾಯಿತು.

"ಏನು, ಕುದುರೆ ಕಾಣ್ತಾ ಇಲ್ವಾ? ಮಂಚದ ಕೆಳಗೆ ನೋಡು, ಅಲ್ಲೇ ಹೋಗಿರುತ್ತೆ. ಬುರುಡೆನೂ ಬಿರುಕು ಬಿಡ್ತಾ? ಅಯ್ಯೋ, ಅಳ್ಬೇಡ. ತಿರುಗಿಸಿದ್ರೆ ಕಳಚಿಕೊಳ್ಳುತ್ತೆ, ಚೀಲಕ್ಕೆ ಹಾಕಿಡು. ನಾಳೆ ಬೇರೆ ಬುರುಡೆ ಹಾಕ್ಸೋಣ."

ಫೋನ್ ಇಟ್ಟು ನೋಡಿದರೆ ಬಸ್ಸಿಗೆ ಬಸ್ಸೇ ತಣ್ಣಗಾಗಿತ್ತು. ಪಕ್ಕದವನು ನನ್ನಿಂದ ಎರಡು ಹೆಜ್ಜೆ ದೂರ ಸರಿದಿದ್ದ. ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಮಾತ್ರ ಧೈರ್ಯ ಮಾಡಿ, "ಯಾರಿಗಪ್ಪಾ ಏಟಾಗಿರೋದು?" ಎಂದರು.

ವಿವರಿಸಿದೆ. ತಂತಿಗಳನ್ನು ಬೆನ್ನ ಮೇಲೆ ಹೊತ್ತು ನಿಲ್ಲುವ ಮರದ ತುಂಡೇ ಕುದುರೆ. ಅದರ ಮೇಲೊಂದು ಹಿತ್ತಾಳೆ ತಗಡು, ಜೀನು ಹಾಕಿದ ಹಾಗೆ. ಹಲಸಿನ ಮರದ ದೊಡ್ಡ ಹೊಟ್ಟೆಗೆ ಕೊಡ ಅಂತಾರೆ. ಎಡತೊಡೆಯ ಮೇಲೆ ಕೂರುವುದು ಬುರುಡೆ, ಸೋರೆ ಬುರುಡೆ. ಮೇಣದಲ್ಲಿ ಕೂರಿಸಿದ 24 ಕಂಬಿಗಳು ಮೆಟ್ಟಿಲು.

ಅಜ್ಜಿ ಎಲ್ಲ ಕೇಳಿಸಿಕೊಂಡು, "ಸರಸ್ವತಿಗೆ ಹಂಸ ಇದೆಯಲ್ಲಪ್ಪಾ, ಕುದುರೆ ಯಾಕೆ ಬೇಕಿತ್ತು?" ಎಂದರು. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಹೆಸರಿಡೋದರಲ್ಲಿ ನಮ್ಮ ಹಿರಿಯರು ಸ್ವಲ್ಪ ಸೋಮಾರಿಗಳು ಅಂತ ನನ್ನ ಅನುಮಾನ. ಯಾವುದನ್ನಾದರೂ ಹೋಲಿದರೆ ಸಾಕು, ಅದರ ಹೆಸರನ್ನೇ ಅಂಟಿಸಿಬಿಡುತ್ತಿದ್ದರು. ಸೂಜಿಗೆ ಕಣ್ಣು, ಮಂಡಿಗೆ ಚಿಪ್ಪು, ತೋತಾಪುರಿ ಮಾವಿಗೆ ಗಿಣಿಮೂತಿ. ಕೋಡುಬಳೆಯಲ್ಲಿ ಕೋಡೂ ಇದೆ, ಬಳೆಯೂ ಇದೆ. ತಿನ್ನೋ ವಸ್ತು ಅನ್ನೋ ಸುಳಿವೇ ಇಲ್ಲ! ಕೊಂಬು, ಕೈಬಳೆ ಎರಡನ್ನೂ ನೋಡಿ ಯಾರಿಗೆ ಹಸಿವಾಯಿತೋ.

ಮನೆಗೆ ಬಂದರೆ ಕುದುರೆ ಇನ್ನೂ ಸಿಕ್ಕಿರಲಿಲ್ಲ. ಹೊಟ್ಟೆಯ ಮೇಲೆ ತೆವಳಿಕೊಂಡು ಮಂಚದ ಕೆಳಗೆ ಹೋದೆ. ಹಳೇ ಚಪ್ಪಲಿಯ ಹಿಂದೆ ಅಡಗಿತ್ತು. ಕೈ ಚಾಚಿದೆ, ಅಷ್ಟರಲ್ಲಿ ಕಾಲಿನ ಮಾಂಸ ಗಂಟು ಕಟ್ಟಿದ ಹಾಗಾಯಿತು. "ಅಯ್ಯಯ್ಯೋ, ಮೀನಖಂಡ ಹಿಡ್ಕೊಂಡ್ತು!" ಅಂತ ಚೀರಿದೆ.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆ ಹುಡುಗ ಅಲ್ಲಿಂದಲೇ ಓಟ ಕಿತ್ತ.

"ಅಮ್ಮಾ, ಅಂಕಲ್ ಮಂಚದ ಕೆಳಗೆ ಮೀನು ಹಿಡಿದಿದ್ದಾರೆ, ಬೇಗ ಬಾ!"