ನಾಲಿಗೆ ಮುರಿದ ಕೇಬಲ್

ನಿನ್ನೆ ರಾತ್ರಿ 11.45ಕ್ಕೆ ನನ್ನ ಲ್ಯಾಪ್‌ಟಾಪಿನ ಪಕ್ಕದ ಹಸಿರು ದೀಪ ಆರಿತು. ಅಸೈನ್‌ಮೆಂಟ್ ಸಲ್ಲಿಸಲು 12ರ ಗಡುವು. ಗಡುವಿಲ್ಲದ ರಾತ್ರಿ ಈ ದೀಪ ಒಮ್ಮೆಯೂ ಆರಿದ್ದಿಲ್ಲ, ಬೇಕಾದರೆ ಪ್ರಮಾಣ ಮಾಡುತ್ತೇನೆ. ಇಂಟರ್ನೆಟ್ ಕೇಬಲ್ಲನ್ನು ಒತ್ತಿ ಹಿಡಿದೆ, ಹತ್ತಿತು. ಕೈ ಬಿಟ್ಟೆ, ಆರಿತು. ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದರಲ್ಲಿ ಟೈಪ್ ಮಾಡುತ್ತ ಕೂತಾಗ ಬದುಕಿನ ಬಗ್ಗೆ ಏನೋ ಒಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಅಷ್ಟು ಹೊತ್ತಲ್ಲಿ ಹಾಸ್ಟೆಲಿನ ನೆಟ್‌ವರ್ಕ್ ನೋಡಿಕೊಳ್ಳುವವರು ಸಿಗುವುದಿಲ್ಲ. ಸಿಕ್ಕಿದ್ದರೂ ಅವರು ಏನು ಕೇಳುತ್ತಿದ್ದರೆಂದು ಗೊತ್ತು. ‘ರೀಸ್ಟಾರ್ಟ್ ಮಾಡಿದ್ರಾ?’ ಗೋಡೆಯ ಸಾಕೆಟ್ಟೇ ಕಿತ್ತು ಕೈಗೆ ಬಂದಿದ್ದರೂ ಅದನ್ನೇ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ನನಗೆ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಿಸುತ್ತದೆ.

ಈ ಸಿಟ್ಟು ಸುಮ್ನೆ ಬಂದದ್ದಲ್ಲ. ಹೋದ ವರ್ಷ ನಮ್ಮ ಮೂರನೇ ಮಹಡಿಯಲ್ಲಿ ಒಬ್ಬೊಬ್ಬರದ್ದೇ ಇಂಟರ್ನೆಟ್ ಹೋಗತೊಡಗಿತು. ದೀಪವೇನೋ ಹಸಿರಾಗಿಯೇ ಮಿನುಗುತ್ತಿತ್ತು, ಪುಟ ಮಾತ್ರ ಒಂದೂ ತೆರೆಯುತ್ತಿರಲಿಲ್ಲ. ನೆಟ್‌ವರ್ಕಿನವರು ‘ಎಲ್ಲರೂ ರೀಸ್ಟಾರ್ಟ್ ಮಾಡಿ’ ಅಂದರು. ಮಾಡಿದೆವು. ಅಲ್ಲಿಯವರೆಗೆ ನೆಟ್ಟಗಿದ್ದ ನಾಲ್ಕು ಕೋಣೆಗಳದ್ದೂ ಹೋಯಿತು.

ಎದುರು ಕೋಣೆಯವನು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಸಿಗುವ ಗುರುತಿನ ಸಂಖ್ಯೆ, ನೋಡಿದ. ವಿಳಾಸ ಕೊಡುವ ಸರ್ವರ್ ಸತ್ತಿದ್ದರೆ ಕಂಪ್ಯೂಟರ್ ತಾನೇ 169.254 ಅಂತ ಶುರುವಾಗುವ ವಿಳಾಸ ಇಟ್ಟುಕೊಂಡು ಕೂತಿರುತ್ತದೆ. ಯಾರೂ ಕದ ತೆಗೆಯದಿದ್ದಾಗ ಜಗುಲಿಯನ್ನೇ ಮನೆ ಅಂದುಕೊಂಡ ಹಾಗೆ. ನಮ್ಮದು ಹಾಗಿರಲಿಲ್ಲ. ಎಲ್ಲರಿಗೂ 192.168 ಅಂತ, ಸಾಮಾನ್ಯವಾಗಿ ಮನೆಯ ರೂಟರ್ ಕೊಡುವಂಥದ್ದು, ಬಂದಿತ್ತು. ನಮಗೆ ಯಾವತ್ತೂ ಬರುತ್ತಿದ್ದುದು 10ರಿಂದ ಶುರುವಾಗುವಂಥದ್ದು. ಅಂದರೆ ಈ ಮಹಡಿಯಲ್ಲೇ ಯಾರೋ ವಿಳಾಸ ಹಂಚುತ್ತಿದ್ದಾರೆ! ಯಾವನೋ ಪುಣ್ಯಾತ್ಮ ಸ್ವಂತ ರೂಟರ್ ತಂದು, ಹೊರಗಿನ ನೆಟ್‌ವರ್ಕಿಗೆಂದು ಇರುವ ವ್ಯಾನ್ ಪೋರ್ಟಿಗೆ ಹಾಕಬೇಕಾದ ಕೇಬಲ್ಲನ್ನು ಒಳಗಿನ ಕಂಪ್ಯೂಟರುಗಳಿಗೆಂದು ಇರುವ ಲ್ಯಾನ್ ಪೋರ್ಟಿಗೆ ಹಾಕಿದ್ದಾನೆ. ಕಂಪ್ಯೂಟರಿಗೇನು, ಎದ್ದ ಕೂಡಲೇ ‘ನನ್ನ ವಿಳಾಸ ಏನು?’ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಸಾಮಾನ್ಯವಾಗಿ ಮೊದಲು ಓಗೊಟ್ಟವರನ್ನೇ ನಂಬುತ್ತದೆ. ಅಸಲಿ ಸರ್ವರ್ ಎಲ್ಲೋ ಇನ್ನೊಂದು ಕಟ್ಟಡದಲ್ಲಿ. ಈ ಡಬ್ಬ ಇಲ್ಲೇ, ಯಾರದೋ ಮಂಚದ ಕೆಳಗೆ. ಮೊದಲು ಓಗೊಡುವುದು ಯಾರು ಹೇಳಿ?

ಆಮೇಲೆ ಮೆರವಣಿಗೆ. ರೂಟರ್ ಅಂದಮೇಲೆ ಅದರ ವೈಫೈ ಹೆಸರೂ ಫೋನಿನಲ್ಲಿ ಕಾಣುತ್ತದೆ, ಅಲ್ವಾ? ಹತ್ತು ಹನ್ನೆರಡು ಜನ ಫೋನನ್ನು ಮುಂದೆ ಹಿಡಿದುಕೊಂಡು ಕಾರಿಡಾರಿನಲ್ಲಿ ಹೊರಟೆವು, ಒಬ್ಬ ಹಲ್ಲುಜ್ಜುತ್ತಲೇ. ಮೆಟ್ಟಿಲ ಹತ್ತಿರ ಎರಡು ಗೆರೆ. ಬಟ್ಟೆ ಒಣಗಿಸುವ ಕಡೆ ಒಂದೇ. ಹಿಂದೆ ಬಂದೆವು, ಮೂರು. ‘ಉಸಿರು ಬಿಡಬೇಡ್ರೋ’ ಅಂದ ಒಬ್ಬ, ಉಸಿರಿಗೂ ವೈಫೈಗೂ ಏನು ಸಂಬಂಧವೋ. ಕೊನೆಗೆ ಗೆರೆಗಳೆಲ್ಲ ತುಂಬಿ ನಿಂತದ್ದು ಒಂದು ಬಾಗಿಲ ಮುಂದೆ. ಯಾರ ಬಾಗಿಲು ಅನ್ನುವುದು ಇಲ್ಲಿ ಅಷ್ಟು ಮುಖ್ಯವಲ್ಲ. ಬೀಗದ ಕೈ ನನ್ನ ಜೇಬಿನಲ್ಲಿತ್ತು ಅನ್ನುವುದು ನಿಜ. ಆದರೆ ರೂಟರ್ ನನ್ನ ರೂಮ್‌ಮೇಟಿನದು. ಸಿಕ್ಕಿಸಿದ್ದು ಯಾರು ಅನ್ನುವ ವಿಷಯದಲ್ಲಿ ಅವನ ನೆನಪೇ ಬೇರೆ, ನನ್ನ ನೆನಪೇ ಬೇರೆ.

ಇರಲಿ. ನಿನ್ನೆಯದಕ್ಕೆ ಅಷ್ಟೆಲ್ಲ ಪತ್ತೇದಾರಿಕೆ ಬೇಕಿರಲಿಲ್ಲ. ಪ್ಲಗ್ಗಿನ ನಾಲಿಗೆ ಮುರಿದಿತ್ತು, ಅಷ್ಟೇ. ಒಳಗೆ ಎಂಟು ತಂತಿ, ಎರಡೆರಡನ್ನು ಹೆಣೆದ ನಾಲ್ಕು ಜಡೆ: ಕಿತ್ತಳೆ, ಹಸಿರು, ನೀಲಿ, ಕಂದು. ಸೆಕೆಂಡಿಗೆ ನೂರು ಕೋಟಿ ಬಿಟ್ (ಸೊನ್ನೆ-ಒಂದು)ಗಳನ್ನು 100 ಮೀಟರ್ ಆಚೆಗೆ ಮುಟ್ಟಿಸುವ ತಾಕತ್ತು. ಅಷ್ಟನ್ನೂ ಹಿಡಿದು ನಿಲ್ಲಿಸುವುದು ಉಗುರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರು. ಅದರ ತುದಿಯೂ ಕೇಬಲ್ಲಿನ ಕಡೆಗೇ ಬಾಗಿರುತ್ತದೆ. ಮೇಜಿನ ಹಿಂದಿನಿಂದ ಕೇಬಲ್ ಎಳೆದರೆ ಕಂಡದ್ದಕ್ಕೆಲ್ಲ ಸಿಕ್ಕಿಕೊಂಡು ಪಟ್ಟೆಂದು ಮುರಿಯುತ್ತದೆ. 1973ರಲ್ಲಿ ಈಥರ್ನೆಟ್, ಅಂದರೆ ಹೀಗೆ ಕೇಬಲ್ಲಿನಲ್ಲಿ ಕಂಪ್ಯೂಟರುಗಳನ್ನು ಜೋಡಿಸುವ ಪದ್ಧತಿ, ಹುಟ್ಟಿದಾಗ ವೇಗ ಸೆಕೆಂಡಿಗೆ ಮೂವತ್ತು ಲಕ್ಷ ಬಿಟ್ಟಿಗೂ ಕಡಿಮೆ. ಆಗ ಇದ್ದದ್ದು ಟಿವಿ ಕೇಬಲ್ಲಿನಂಥ ಕೊಯಾಕ್ಸ್ ಕೇಬಲ್, ಈ ನಾಲಿಗೆ ಇರಲಿಲ್ಲ. ವೇಗ ನೂರಾರು ಪಟ್ಟು ಜಾಸ್ತಿ ಮಾಡಿದ ಜಾಣರಿಗೆ ಮುರಿಯದ ಒಂದು ನಾಲಿಗೆ ಮಾಡಲು ಏನಾಗಿತ್ತು ಅಂತ!

ಗಡಿಯಾರ 11.54 ತೋರಿಸುತ್ತಿತ್ತು. ಕೈಗೆ ಸಿಕ್ಕಿದ್ದು ಹಾಸ್ಟೆಲ್ ಸೇರಿದ ದಿನ ಕೊಟ್ಟ ನೆಟ್‌ವರ್ಕ್ ನಿಯಮಗಳ ಹಾಳೆ. ಅಂಚು ಹರಿದು, ಮಡಚಿ ಮಡಚಿ ಬೆಣೆ ಮಾಡಿ ಪ್ಲಗ್ಗಿನ ಸಂದಿಗೆ ತುರುಕಿದೆ. ‘ಸ್ವಂತ ರೂಟರ್ ಬಳಸುವಂತಿಲ್ಲ’ ಅನ್ನುವ ಸಾಲಿನ ಅರ್ಧ ಈಗಲೂ ಹೊರಗೆ ಇಣುಕುತ್ತಿದೆ. ದೀಪ ಹತ್ತಿತು. 11.58ಕ್ಕೆ ಅಸೈನ್‌ಮೆಂಟ್ ಹೋಯಿತು. ನಿನ್ನೆಯಿಂದ ಲ್ಯಾಪ್‌ಟಾಪನ್ನು ಯಾರೂ ಅಲ್ಲಾಡಿಸಿಲ್ಲ, ಮೇಜಿನ ಧೂಳನ್ನೂ ಒರೆಸಿಲ್ಲ.

ಆ ದೊಡ್ಡ ವಿಷಯ ಏನು ಅಂದರೆ... ತಾಳಿ, ಮೊಣಕೈ ಮೇಜಿಗೆ ತಗುಲಿತು. ದೀಪ ಆರಿದೆ.