ಅಲಾರಂ ‘ಆಫ್’ ಆಯಿತು ಅಂದರೆ ನಿಂತಿತು ಅಂತ ಅಲ್ಲ

ಇಂಗ್ಲಿಷ್ ಮಾತಾಡುವ ಈ ದೇಶಕ್ಕೆ ಬಂದು ಹೊಸ ಕೆಲಸಕ್ಕೆ ಸೇರಿ ತಿಂಗಳೂ ತುಂಬಿರಲಿಲ್ಲ. ಸಹೋದ್ಯೋಗಿಯೊಬ್ಬರಿಂದ, ಅವರ ಕಟ್ಟಡದಲ್ಲಿ ಬೆಂಕಿಯ ಅಲಾರಂ ‘ವೆಂಟ್ ಆಫ್’ ಅಂತ ಮೆಸೇಜು ಬಂತು. ಸದ್ಯ, ನಿಂತಿತಲ್ಲ ಅಂದುಕೊಂಡು ‘ಗುಡ್’ ಅಂತ ಉತ್ತರ ಕಳಿಸಿದೆ. ಮರುದಿನ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ. ಅಲ್ಲಿ ನಿಜಕ್ಕೂ ಹೊಗೆ ತುಂಬಿತ್ತಂತೆ, ಎಲ್ಲರೂ ಮೆಟ್ಟಿಲಿಳಿದು ಓಡಿದ್ದರಂತೆ. ಅಲಾರಂ ನಿಂತಿರಲಿಲ್ಲ, ಹೊಡೆದುಕೊಂಡಿತ್ತು. ಇಷ್ಟು ವರ್ಷವಾದರೂ ಅದು ಮನಸ್ಸಿಗೆ ಚುಚ್ಚುತ್ತದೆ.

ನಮಗೆ ಆಫ್ ಅಂದರೆ ಫ್ಯಾನ್ ಆಫ್ ಮಾಡು, ಫೋನ್ ಆಫ್ ಆಯ್ತು, ಅಷ್ಟೇ ಅಲ್ವಾ? ಸ್ವಿಚ್ಚಿನ ಜೊತೆ ಬಂದ ಪದ ಹೆಚ್ಚುಕಡಿಮೆ ಸ್ವಿಚ್ಚಿನ ಹತ್ತಿರವೇ ಉಳಿಯಿತು. ಶಾಲೆಯಲ್ಲೂ ಒಂದು ಪದಕ್ಕೆ ಒಂದು ಅರ್ಥ ಬಾಯಿಪಾಠ ಮಾಡಿಸಿದರು, ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಇಂಗ್ಲಿಷಿನವರ ಬಾಯಲ್ಲಿ ವಿಮಾನ ‘ಟೇಕ್ ಆಫ್’ ಆದರೆ ಹಾರಿತು, ಕೋಟು ‘ಟೇಕ್ ಆಫ್’ ಮಾಡಿದರೆ ಕಳಚಿದ್ದು. ಮೀಟಿಂಗ್ ‘ಪುಟ್ ಆಫ್’ ಆದರೆ ಇನ್ನೊಂದು ದಿನ ನಡೆದೀತು, ‘ಕಾಲ್ ಆಫ್’ ಆದರೆ ನಡೆಯುವುದೇ ಇಲ್ಲ, ‘ಕಿಕ್ ಆಫ್’ ಆದರೆ ಶುರುವೇ ಆಯಿತು! ಸಾಲ ‘ಪೇ ಆಫ್’ ಮಾಡಿದರೆ ತೀರಿತು, ಪಟ್ಟ ಶ್ರಮ ‘ಪೇ ಆಫ್’ ಆದರೆ ಫಲ ಕೊಟ್ಟಿತು. ಹಾಲು ‘ಆಫ್’ ಅಂದರೆ ಕೆಟ್ಟಿದೆ.

ಹೆಚ್ಚು ಅರ್ಥಗಳಿರುವ ಇಂಗ್ಲಿಷ್ ಪದ ಯಾವುದು ಅಂದರೆ ಜನ ಸುಮ್ನೆ ‘ಸೆಟ್’ ಪದವನ್ನು ದೊಡ್ಡದು ಮಾಡುತ್ತಾರೆ. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಆ ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದರು, ನಿಜ. ಆದರೆ ಅದು ಎದುರಿಗೇ ಕಾಣುತ್ತದೆ, ನಾವು ಹುಷಾರಾಗಿರುತ್ತೇವೆ. ಆಫ್ ಬಾಲದ ಹಾಗೆ ಕೊನೆಗೆ ಬಂದು ಇಡೀ ಮಾತನ್ನೇ ತಿರುಗಿಸಿಬಿಡುತ್ತದೆ. ಒಂದು ಎಫ್ ಇರುವ ಆಫ್, ಎರಡು ಎಫ್ ಇರುವ ಆಫ್ ಹಿಂದೆ ಒಂದೇ ಪದವಂತೆ, 17ನೇ ಶತಮಾನದ ಹೊತ್ತಿಗೆ ಪೂರ್ತಿ ಬೇರೆಯಾದವು. ಮೂಲ ಅರ್ಥ ‘ಬಿಟ್ಟು ದೂರ’. ಅದು ತಿಳಿದ ಮೇಲೆ ಸ್ವಲ್ಪ ಹಾದಿ ಕಂಡಿತು: ವಿಮಾನ ನೆಲ ಬಿಟ್ಟಿತು, ಕೋಟು ಮೈ ಬಿಟ್ಟಿತು. ಬಿಗಿದಿಟ್ಟ ಅಲಾರಂ ಹಿಡಿತ ಬಿಟ್ಟು ಹೊಡೆದುಕೊಂಡಿತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಆದರೂ ನನಗೆ ಕನ್ನಡವೇ ನೇರ. ಹೊಡೆದರೆ ಹೊಡೆಯಿತು, ನಿಂತರೆ ನಿಂತಿತು. ಪ್ರಾಣದ ಪ್ರಶ್ನೆ ಬಂದಾಗ ಮಾತು ಹಾಗಿರಬೇಕು.

ಮೊನ್ನೆ, ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ “ಬಾಗಿಲು ಹಾಕು ಪುಟ್ಟಾ” ಅಂದೆ. ಮುಚ್ಚಿದಳು. ಸಂಜೆ “ಲೈಟ್ ಹಾಕು” ಅಂದೆ. ಉರಿಯುತ್ತಿದ್ದ ಒಂದೇ ದೀಪವನ್ನೂ ಆರಿಸಿದಳು. “ಹಾಕು ಅಂದ್ರೆ ಕ್ಲೋಸ್ ಮಾಡೋದು ಅಲ್ವಾ ಅಪ್ಪಾ?” ಅವಳ ತಪ್ಪೇನಿಲ್ಲ. ಬಟ್ಟೆ ಹಾಕು, ಲೆಕ್ಕ ಹಾಕು, ಓಟು ಹಾಕು, ಹೊಂಚು ಹಾಕು, ಕಣ್ಣು ಹಾಕು. ನಮ್ಮದೂ ಕಡಿಮೆಯಿಲ್ಲ, ಒಪ್ಪಿಕೊಳ್ಳಲೇಬೇಕು. ಈಗ ಇಬ್ಬರೂ ಸೇರಿ ಪಟ್ಟಿ ಮಾಡುತ್ತಿದ್ದೇವೆ. ‘ಮುಗಿಸಿ ಹಾಕು’ ಅನ್ನುವಾಗ ಏನನ್ನು ಎಲ್ಲಿಗೆ ಹಾಕುತ್ತೀವಿ ಅಂತ ಅವಳು ಕೇಳಿದ್ದಾಳೆ, ನಾನಿನ್ನೂ ಉತ್ತರ ಕೊಟ್ಟಿಲ್ಲ.