ಹದಿನಾರು ಕಾಲಿನ ಹಾಡುಗಾರ

ಡಿಎಫ್‌ಪ್ಲೇಯರ್ ಮಿನಿ ಎಂಬ ಈ ಆಸಾಮಿ ಹಾಡು ನುಡಿಸುವ ಪುಟ್ಟ ಎಲೆಕ್ಟ್ರಾನಿಕ್ ಮಾಡ್ಯೂಲು. ಮೈ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಚೌಕ, ಅಷ್ಟೇ. ಆಚೆಗೆ ಎಂಟು, ಈಚೆಗೆ ಎಂಟು ಕಾಲು. ಮೇಲೊಂದು ಮೈಕ್ರೊ ಎಸ್‌ಡಿ ಕಾರ್ಡಿನ ಗೂಡು. ಎಂಪಿ3 ಓದುವ ಚಿಪ್ಪೂ 3 ವಾಟಿನ ಆಂಪ್ಲಿಫೈಯರೂ ಇದರಲ್ಲೇ ಅಡಕ. ದಸರಾ ಗೊಂಬೆಗಳ ಹಿಂದಿನಿಂದ ನಾಗಸ್ವರ ಬರಬೇಕೆ, ಬಾಗಿಲು ತೆರೆದವರಿಗೆ ಯಾರೋ "ಬನ್ನಿ ಬನ್ನಿ" ಅನ್ನಬೇಕೆ, ಇದೊಂದಿದ್ದರೆ ಸಾಕು. ಹಾಡದೆ ಮುಷ್ಕರ ಹೂಡಿದಾಗ ಮಾತ್ರ ಎಲ್ಲರೂ ಮೊದಲು ಬೈಯುವುದು ಇದಕ್ಕೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರ್ ಬೋರ್ಡಾದ ಆರ್ಡಿನೊದ ಕೋಡನ್ನು. ಪಾಪ, ಅದರ ತಪ್ಪು ಇರುವುದು ಅಪರೂಪ.

ಆದ್ದರಿಂದ ಪರೀಕ್ಷೆಗೆ ಕೂತಾಗ ಆರ್ಡಿನೊವನ್ನು ಡಬ್ಬದಲ್ಲೇ ಬಿಡಿ. ಮಾಡ್ಯೂಲ್, ಕಾರ್ಡು, 8 ಓಮಿನ ಸ್ಪೀಕರು, ವಿದ್ಯುತ್ತು, ಒಂದು ತುಂಡು ತಂತಿ, ಇಷ್ಟೇ ಸಾಮಾನು. 1ನೇ ಕಾಲಿಗೆ ಪ್ಲಸ್, 7ಕ್ಕೆ ಗ್ರೌಂಡ್ (ಮೈನಸ್). ಸ್ಪೀಕರಿನ ತಂತಿಗಳು 6 ಮತ್ತು 8ಕ್ಕೆ. ಇಲ್ಲಿ ಕೊಂಚ ನಿಲ್ಲಬೇಕು. ಎರಡು ಸ್ಪೀಕರ್ ಕಾಲುಗಳ ನಟ್ಟನಡುವೆ ಗ್ರೌಂಡನ್ನು ತಂದು ಕೂರಿಸಿದ ಮಹಾನುಭಾವರು ಯಾರೋ! ಕಣ್ಣು ತಪ್ಪಿ 6 ಮತ್ತು 7ಕ್ಕೆ ಸಿಕ್ಕಿಸಿದವರಿಗೆ ಲೆಕ್ಕವಿಲ್ಲ. ಈ ಆಂಪ್ಲಿಫೈಯರ್ ಸ್ಪೀಕರನ್ನು ಎರಡೂ ಕಡೆಯಿಂದ ನೂಕುತ್ತದೆ, ಯಾವ ತುದಿಯೂ ಗ್ರೌಂಡಲ್ಲ. ಒಂದನ್ನು ಗ್ರೌಂಡಿಗೆ ಮುಟ್ಟಿಸಿದರೆ ಆಂಪ್ಲಿಫೈಯರಿಗೇ ಅಪಾಯ. ದೊಡ್ಡ ಆಂಪ್ಲಿಫೈಯರಿಗೆ ಜೋಡಿಸುವುದಿದ್ದರೆ ಸ್ಪೀಕರ್ ಕಾಲು ಬಿಟ್ಟು 4 ಮತ್ತು 5ರಿಂದ ಎಳೆದುಕೊಳ್ಳಿ.

ಇನ್ನು ತಂತಿಯ ಕೆಲಸ. 10 ಗ್ರೌಂಡು, ಅದರ ಅಕ್ಕಪಕ್ಕ 9 ಮತ್ತು 11. ಹತ್ತನ್ನೂ ಹನ್ನೊಂದನ್ನೂ ತಂತಿಯಿಂದ ಒಮ್ಮೆ ಮುಟ್ಟಿಸಿ ಬಿಟ್ಟರೆ ಮುಂದಿನ ಹಾಡು, ಹಿಡಿದೇ ಇದ್ದರೆ ದನಿ ಏರುತ್ತದೆ. ಒಂಬತ್ತರದು ಇದರ ತಿರುಗುಮುರುಗು. ಇಷ್ಟಕ್ಕೆ ಹಾಡಿತೆಂದರೆ ಮಾಡ್ಯೂಲು, ಕಾರ್ಡು, ಸ್ಪೀಕರು ಮೂರೂ ಸರಿ. ಆಮೇಲೆ ಕೋಡನ್ನು ಬೈಯಲು ನಿಮಗೆ ಪೂರ್ಣ ಅಧಿಕಾರವಿದೆ.

ಹಾಡದಿದ್ದರೆ ಕಾರ್ಡು ನೋಡಿ. 32 ಜಿಬಿವರೆಗಿನದು, ಫ್ಯಾಟ್32 ರೂಪದಲ್ಲಿ (ಕಾರ್ಡಿನಲ್ಲಿ ಕಡತಗಳನ್ನು ಜೋಡಿಸಿಡುವ ಒಂದು ಪದ್ಧತಿ) ಇರಬೇಕು. ಇನ್ನು ಹಾಡಿನ ಕ್ರಮ: "ಒಂದನೇ ಹಾಡು" ಎಂದರೆ ಹೆಸರಿನಲ್ಲಿ ಮೊದಲನೆಯದಲ್ಲ, ಕಾರ್ಡಿಗೆ ಮೊದಲು ನಕಲಾದದ್ದು. ಪಂಕ್ತಿಯಲ್ಲಿ ಕೂತ ಕ್ರಮದಲ್ಲೇ ಬಡಿಸಿಕೊಂಡು ಹೋಗುವವರಂತೆ, ಇದು ಯಾರ ಹೆಸರನ್ನೂ ಕೇಳುವುದಿಲ್ಲ. ಕಾರ್ಡನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ ಕಡತಗಳನ್ನು ಒಂದೊಂದಾಗಿ ಹಾಕುವುದು ಒಂದು ದಾರಿ. ಅದಕ್ಕಿಂತ ಒಳ್ಳೆಯದು, ಇಂಗ್ಲಿಷ್ ಅಕ್ಷರಗಳಲ್ಲೇ ಎಂಪಿ3 ಎಂದು ಹೆಸರಿಟ್ಟ ಫೋಲ್ಡರಿನಲ್ಲಿ 0001, 0002 ಎಂದು ನಾಲ್ಕಂಕಿಯ ಕಡತಗಳನ್ನಿಟ್ಟು, ಆ ಫೋಲ್ಡರಿಗೆಂದೇ ಇರುವ ಆಜ್ಞೆಯಿಂದ ಕರೆಯುವುದು. ಮ್ಯಾಕ್ ಕಂಪ್ಯೂಟರಿನಿಂದ ನಕಲು ಮಾಡಿದ್ದರೆ ಚುಕ್ಕಿಯಿಂದ ಶುರುವಾಗುವ ಗುಪ್ತ ಕಡತಗಳೂ ಸದ್ದಿಲ್ಲದೆ ಸಾಲಿಗೆ ಸೇರಿರುತ್ತವೆ; ಅಳಿಸದಿದ್ದರೆ ಎಣಿಕೆ ತಪ್ಪುತ್ತದೆ.

ಪರೀಕ್ಷೆಗೆ ಸಿನಿಮಾ ಹಾಡು ತುಂಬಬೇಡಿ. ನಿಮ್ಮದೇ ದನಿಯಲ್ಲಿ "ಒಂದು", "ಎರಡು", "ಮೂರು" ಎಂದು ಬೇರೆಬೇರೆ ಕಡತಗಳಲ್ಲಿ ಧ್ವನಿಮುದ್ರಿಸಿ. ಮೂರನ್ನು ಕೇಳಿದಾಗ ಎರಡು ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಾಲ್ಕನೆಯದಾಗಿ ಹತ್ತು ಸೆಕೆಂಡಿನ ಬರೀ ಮೌನವನ್ನು ಸೇರಿಸಿ. ಮೌನವನ್ನು ನುಡಿಸಿದಾಗ ಸ್ಪೀಕರಿನಲ್ಲಿ ಏನು ಕೇಳುತ್ತದೋ ಅದೇ ನಿಮ್ಮ ಗದ್ದಲದ ನಿಜವಾದ ಅಳತೆ.

ಆ ಗದ್ದಲ ಹೆಚ್ಚಾಗಿ ಬರುವುದು ಆರ್ಡಿನೊ ಜೋಡಿಸಿದ ಮೇಲೆ. ಈ ಮಾಡ್ಯೂಲಿನ ಮಾತುಕತೆ 3.3 ವೋಲ್ಟಿನದು, ಆರ್ಡಿನೊ ಬೋರ್ಡುಗಳಲ್ಲೊಂದಾದ ಯೂನೊ ಮಾತಾಡುವುದು 5ರಲ್ಲಿ. ಯೂನೊ ಕಳಿಸುವ ತಂತಿಗೂ ಮಾಡ್ಯೂಲಿನ 2ನೇ ಕಾಲಿಗೂ ನಡುವೆ 1 ಕಿಲೊಓಮಿನ ರೆಸಿಸ್ಟರ್ ಹಾಕಿದರೆ ಗುಂಯ್ ಸದ್ದು ಗಣನೀಯವಾಗಿ ತಗ್ಗುತ್ತದೆ. ನಾಲ್ಕಾಣೆಯ ಮದ್ದು, ಆದರೂ ಬಿಡುವವರೇ ಜಾಸ್ತಿ.

ವಿದ್ಯುತ್ತಿನದು ಬೇರೆಯೇ ರಗಳೆ. ಹಾಡು ಶುರುವಾಗಿ, ಡೋಲು ಜೋರಾದ ಕಡೆ ಟಪ್ಪೆಂದು ನಿಂತು ಮಾಡ್ಯೂಲು ಮತ್ತೆ ಮೊದಲಿನಿಂದ ಎಚ್ಚರಗೊಂಡರೆ, ದೊಡ್ಡ ದನಿಗೆ ಒಮ್ಮೆಲೇ ಎಳೆದ ಕರೆಂಟಿಗೆ ವೋಲ್ಟೇಜು ಕುಸಿದಿದೆ ಎಂದರ್ಥ. ದನಿಯ ಮಿತಿ 0ಯಿಂದ 30. ಮೊದಲು 15ಕ್ಕೆ ಇಳಿಸಿ ನೋಡಿ. 1ಕ್ಕೂ 7ಕ್ಕೂ ನಡುವೆ, ಕಾಲಿನ ಹತ್ತಿರದಲ್ಲೇ, 470 ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಿ. ಆಗಲೂ ಸರಿಹೋಗದಿದ್ದರೆ ಪ್ರತ್ಯೇಕ ಸಪ್ಲೈ ಕೊಟ್ಟು ಗ್ರೌಂಡುಗಳನ್ನು ಮಾತ್ರ ಒಂದುಮಾಡಿ.

ಕೋಡಿನಲ್ಲಿ ಬೇಕಾದದ್ದು ತಾಳ್ಮೆ. ಆರ್ಡಿನೊ, ಮಾಡ್ಯೂಲುಗಳ ಮಾತುಕತೆಯ ವೇಗ 9600 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್. ವಿದ್ಯುತ್ ಬಂದೊಡನೆ ಆಜ್ಞೆ ಕೊಟ್ಟರೆ ಕೇಳಿಸಿಕೊಳ್ಳುವವರಿಲ್ಲ, ಕಾರ್ಡು ಓದಿ ಮುಗಿಸಲು ಎರಡು ಮೂರು ಸೆಕೆಂಡು ಬೇಕು. ಮಾರುಕಟ್ಟೆಯಲ್ಲಿ ತದ್ರೂಪಿ ಮಾಡ್ಯೂಲುಗಳೂ ಧಾರಾಳವಾಗಿವೆ. ಅವುಗಳಲ್ಲಿ ಕೆಲವು ಚೆನ್ನಾಗಿ ಹಾಡುತ್ತವೆ, ಆದರೆ ಆರ್ಡಿನೊ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಲೈಬ್ರರಿ (ಮಾಡ್ಯೂಲಿನೊಡನೆ ಮಾತಾಡಲು ಆರ್ಡಿನೊ ಬಳಸುವ ಸಿದ್ಧ ಕೋಡು) ಆಗ "ಕಾರ್ಡು ಹಾಕಿ, ಜೋಡಣೆ ನೋಡಿ" ಎಂದು ಗೋಗರೆಯುತ್ತದೆ. ತಂತಿಯ ಪರೀಕ್ಷೆಯಲ್ಲಿ ಪಾಸಾದ ಮಾಡ್ಯೂಲಾಗಿದ್ದರೆ ಲೈಬ್ರರಿಯಲ್ಲಿ ಉತ್ತರಕ್ಕೆ ಕಾಯುವ ಆಯ್ಕೆಯನ್ನು ನಿಲ್ಲಿಸಿಬಿಟ್ಟು ಮುಂದೆ ನಡೆಯಿರಿ.

ಕಡೆಯ ಕಾಲು 16, ಹೆಸರು ಬಿಜಿ; ಹಾಡು ನಡೆದಿದೆಯೇ ಎಂದು ಕೋಡಿಗೆ ತಿಳಿಸುವುದು ಇದೇ. ಹಾಡುವಾಗ ಇದು 0, ಸುಮ್ಮನಿದ್ದಾಗ 1. ಎಲ್ಲರೂ ಒಮ್ಮೆಯಾದರೂ ಉಲ್ಟಾ ಬರೆಯುವುದು ಇಲ್ಲೇ. "ನುಡಿಸು" ಎಂದ ಮರುಕ್ಷಣವೇ ಇದನ್ನು ಓದಿದರೆ ಹಾಡಿನ್ನೂ ಶುರುವಾಗಿರುವುದಿಲ್ಲ, 1 ಸಿಗುತ್ತದೆ. ಹಾಡು ಮುಗಿಯಿತೆಂದು ಕೋಡು ಮುಂದಿನದಕ್ಕೆ ಹಾರುತ್ತದೆ, ಅಲ್ಲಿಂದ ಮತ್ತೂ ಮುಂದಕ್ಕೆ. ನಡುವೆ ಅರ್ಧ ಸೆಕೆಂಡು ಬಿಡುವು ಕೊಟ್ಟು ಓದಿ.